ಭಾವನ ಮೊದಲ ಸಿಹಿ ವೈನ್

ತೋಟದಲ್ಲಿ ಬೆಳೆದದ್ದನ್ನು ತೋಟದಲ್ಲೇ ಬೇಯಿಸಿ, ಮರದಡಿಯ ಉದ್ದನೆಯ ಮೇಜಿನ ಮೇಲೆ ಅತಿಥಿಗಳಿಗೆ ಬಡಿಸುವ ಊಟವನ್ನು ಅಕ್ಕ, ಭಾವ ಶುರು ಮಾಡಿದಾಗ, ಯಾವ ತಿನಿಸಿಗೆ ಯಾವ ವೈನ್ ಎನ್ನುವ ಹೊಣೆ ತಂಗಿಯ ಹೆಗಲಿಗೆ ಬಿತ್ತು. ಅವಳ ಕಸುಬೇ ಅದು. ಪೇಟೆಯ ಹೋಟೆಲಿನಲ್ಲಿ ಗಿರಾಕಿಗಳಿಗೆ ವೈನ್ ಆರಿಸಿಕೊಡುತ್ತಿದ್ದಳು. "ನಾವೆಲ್ಲ ಕೈಕಾಲು ಸವೆಸಿ ಉಣ್ತೀವಿ, ನಮ್ಮ ನಾದಿನಿ ಬರೀ ಮೂಗು ಸವೆಸಿ ಉಣ್ತಾಳೆ" ಎಂದು ಭಾವ ಬಂದವರನ್ನೆಲ್ಲ ನಗಿಸುತ್ತಿದ್ದ.

ಆ ವರ್ಷ ಭಾವನಿಗೆ ಹೊಸ ಹುಚ್ಚು ಹಿಡಿಯಿತು. ದ್ರಾಕ್ಷಿಯ ಕೊನೆಯ ಸಾಲುಗಳನ್ನು ಕೊಯ್ಯದೆ ಬಳ್ಳಿಯಲ್ಲೇ ಬಿಟ್ಟ. ಹಣ್ಣು ಸುಕ್ಕಿ ಸಿಹಿಗಟ್ಟಿದ ಮೇಲೆ ಒಂದೊಂದಾಗಿ ಬಿಡಿಸಿ, ಹಿಂಡಿ, ಜೀವಮಾನದಲ್ಲೇ ಮೊದಲ ಸಲ ಸಿಹಿ ವೈನ್ ಮಾಡಿದ. ಅದು ಹದಕ್ಕೆ ಬಂದ ಮೇಲೆ, ಒಂದು ಊಟದ ದಿನ ಮಧ್ಯಾಹ್ನ, ಗ್ಲಾಸು ಹಿಡಿದು ಅಡುಗೆಮನೆಯಲ್ಲಿದ್ದ ತಂಗಿಯ ಬಳಿ ಬಂದ.

"ನೋಡಮ್ಮ, ಮುಚ್ಚುಮರೆ ಬೇಡ. ಚೆನ್ನಾಗಿಲ್ಲ ಅಂದ್ರೆ ಚೆನ್ನಾಗಿಲ್ಲ ಅನ್ನು."

ಅವಳು ಆಗಷ್ಟೇ ಅಕ್ಕ ಮಾಡಿದ ಪೇರ್ ಹಣ್ಣಿನ ಕೇಕಿನ ಚೂರೊಂದನ್ನು ಬಾಯಿಗೆ ಹಾಕಿಕೊಂಡಿದ್ದಳು. ಮೇಲೆಲ್ಲ ಜೇನು ಸುರಿದ ಕೇಕು. ಅದರ ಬೆನ್ನಿಗೇ ವೈನ್ ಗುಟುಕರಿಸಿದಳು. ಹುಳಿ. ನಿಂಬೆ ಹಿಂಡಿದ ನೀರಿನಂಥ ತೆಳು ಹುಳಿ. ಭಾವ ಕಣ್ಣು ಮಿಟುಕಿಸದೆ ಅವಳ ಮುಖವನ್ನೇ ನೋಡುತ್ತಿದ್ದ.

"ತುಂಬಾ ಚೆನ್ನಾಗಿದೆ, ಭಾವ."

ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಕ್ಕನನ್ನು ಕೂಗುತ್ತಾ ಹೊರಗೋಡಿದ.

ಅಂದು ಸಂಜೆ ದೊಡ್ಡ ಹೋಟೆಲೊಂದರ ಒಡತಿ ಊಟಕ್ಕೆ ಬರುವವಳಿದ್ದಳು. ಮನಸ್ಸಿಗೆ ಬಂದರೆ ತಂಗಿಯನ್ನು ತನ್ನಲ್ಲಿಗೆ ಕೆಲಸಕ್ಕೆ ಕರೆದುಕೊಳ್ಳುವ ಮಾತೂ ಇತ್ತು. ಈ ಹುಳಿಯನ್ನು ಅವಳ ಮುಂದಿಟ್ಟರೆ ತನ್ನ ಹೆಸರು ಮಣ್ಣುಪಾಲು ಎನಿಸಿತು ತಂಗಿಗೆ. ಬೇಕಾದೀತೆಂದು ಪೇಟೆಯಿಂದ ತಂದಿದ್ದ ಹಳೆಯ, ಕಡುಸಿಹಿ ವೈನನ್ನು ಗಾಜಿನ ಹೂಜಿಗಳಿಗೆ ಬಗ್ಗಿಸಿ, ಭಾವನ ಬಾಟಲಿಗಳನ್ನು ಉಗ್ರಾಣದ ಬಾಗಿಲ ಹಿಂದೆ ಸರಿಸಿದಳು. ಅತಿಥಿಗಳು ಏಳುವ ತನಕ ಭಾವ ಒಂದು ಗುಟುಕೂ ಮುಟ್ಟುವವನಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಕೆಲಸ ಹೂವೆತ್ತಿದಷ್ಟು ಸುಲಭವಾಗಿ ಮುಗಿದದ್ದು ಕಂಡು ಅವಳಿಗೇ ಅಳುಕಾಯಿತು.

ಹೊತ್ತು ಮುಳುಗುವಾಗ ಸೊಪ್ಪು, ಗಡ್ಡೆ, ಕೋಳಿ ಎಲ್ಲ ಮುಗಿದು ಕೇಕು ಬಂತು. ಹೂಜಿಗಳು ಮೇಜು ಸುತ್ತಿದವು. ಒಡತಿ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದಳು.

"ಯಾರದ್ದು ಇದು?"

ಭಾವ ಎದ್ದು ನಿಂತ. ಅಷ್ಟು ಮಾತುಗಾರನಿಗೂ ಮಾತು ತೊದಲಿತು. "ನಮ್ಮದೇ ಅಮ್ಮಾ. ಅಗೋ, ಆ ಸಾಲಿಂದು. ಬಿಡಿಸೋವಾಗ ಸೊಂಟ ಬಿದ್ದು ಹೋಯ್ತು. ನಮ್ಮನೆಯವಳಂತೂ ಬೆರಳಿಗೆ ಪಟ್ಟಿ ಕಟ್ಕೊಂಡು ಬಿಡಿಸಿದಳು."

ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕ ನಾಚಿಕೊಂಡು ಏಪ್ರನ್ನಿನ ಅಂಚಿನಿಂದ ಕಣ್ಣೊರೆಸಿಕೊಂಡಳು. ತಂಗಿಗೆ ಬಾಯಲ್ಲಿಟ್ಟ ಬಿಸಿತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಆದರೆ ಒಡತಿ "ಇದ್ದಷ್ಟನ್ನೂ ನನಗೇ ಕೊಡಿ" ಎಂದಾಗ ಕೂರಲಾಗಲಿಲ್ಲ. ಭಾವನನ್ನು ಪಾತ್ರೆ ತೊಳೆಯುವ ಕೋಣೆಗೆ ಕರೆದಳು.

"ಭಾವ, ಅವರು ಕುಡಿದದ್ದು ನಿಮ್ಮದಲ್ಲ. ನಾನು ಬದಲಾಯಿಸಿಬಿಟ್ಟೆ."

"ಚೆನ್ನಾಗಿದೆ ಅಂದ್ಯಲ್ಲಮ್ಮ?"

"ಸುಳ್ಳು ಹೇಳಿದೆ. ನನಗೆ ಹುಳಿ ಅನ್ನಿಸಿತ್ತು."

ಯಾರೋ ಬಿಟ್ಟು ಹೋದ ನಲ್ಲಿ ಸುರಿಯುತ್ತಿತ್ತು. ಭಾವ ಅದನ್ನು ನಿಲ್ಲಿಸಿ, "ಎಲ್ಲಿಟ್ಟಿದ್ದೀಯ?" ಎಂದಷ್ಟೇ ಕೇಳಿದ.

ಬಾಟಲಿಗಳನ್ನು ಅಪ್ಪಿಕೊಂಡು ಮೇಜಿಗೆ ಹೋದ. "ತಪ್ಪಾಗಿದೆ, ಕ್ಷಮಿಸಿ. ನೀವು ಹೊಗಳಿದ್ದು ಬೇರೆಯವರ ವೈನು. ನಮ್ಮದು ಇದು" ಎಂದು ತಾನೇ ಸುರಿದ. ನಾದಿನಿಯ ಸುದ್ದಿ ಎತ್ತಲಿಲ್ಲ.

ಅಷ್ಟರಲ್ಲಿ ಕೇಕು ಹೋಗಿ ಆಡಿನ ಹಾಲಿನ ಉಪ್ಪುಪ್ಪು ಚೀಸ್ ಬಂದಿತ್ತು. ತಂಗಿ ಒಂದು ಚೂರು ತಿಂದು ಗ್ಲಾಸು ಎತ್ತಿದಳು. ಮೈ ಜುಮ್ಮೆಂದಿತು. ಒಣಹಣ್ಣಿನ ಘಮ, ಕಿತ್ತಳೆ ಸಿಪ್ಪೆಯ ಕಂಪು. ಮಧ್ಯಾಹ್ನದ ಅದೇ ಹುಳಿ ಈಗ ಸಿಹಿಗೆ ಬೆನ್ನೆಲುಬಾಗಿ ನಿಂತಿತ್ತು. ತಿನಿಸು ವೈನಿಗಿಂತ ಸಿಹಿಯಾದರೆ ಎಂಥ ವೈನೂ ಹುಳಿಯೆನಿಸುತ್ತದೆ. ಕಸುಬಿಗೆ ಇಳಿದ ಹೊಸತರಲ್ಲೇ ಕಲಿತ ಪಾಠ ಅದು. ಜೇನಿನ ಬಾಯಲ್ಲಿ ಕುಡಿದು ತೀರ್ಪು ಕೊಟ್ಟಿದ್ದಳು. ಇದನ್ನು ಕೇಕಿಗಲ್ಲ, ಚೀಸಿಗೆ ಜೋಡಿಸಿದ್ದರೆ ಸಾಕಿತ್ತು. ವೈನ್ ಕೆಟ್ಟದ್ದೇ ಆಗಿದ್ದರೆ ಅವಳಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಒಡತಿ ಅರ್ಧ ಕುಡಿದು ಗ್ಲಾಸು ಕೆಳಗಿಟ್ಟಳು. "ಇದೂ ಚೆನ್ನಾಗೇ ಇದೆ. ಆದ್ರೆ ಯಾವುದು ಯಾರದ್ದು ಅಂತ ಇನ್ನು ಹೇಗೆ ನಂಬೋದು?" ಎಂದು ನಕ್ಕಳು. ಭಾವನೂ ನಗಲು ನೋಡಿದ, ಆಗಲಿಲ್ಲ.

ಬೆಳಿಗ್ಗೆ ಅಕ್ಕ ಪಾತ್ರೆ ಉಜ್ಜುತ್ತಾ ತಲೆ ಎತ್ತಲಿಲ್ಲ. ಭಾವನೇ ತಂಗಿಯನ್ನು ಗಾಡಿಯಲ್ಲಿ ನಿಲ್ದಾಣಕ್ಕೆ ಬಿಟ್ಟ. ಇಳಿಯುವಾಗ ಕೇಳಿದ: "ಹುಳಿ ಅಂದಿದ್ರೆ ನಾನೇನು ಸತ್ತು ಹೋಗ್ತಿದ್ನಾ?"

"ನಿಮಗೆ ಬೇಜಾರಾಗುತ್ತೆ ಅಂತ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. "ಅಲ್ಲ ಭಾವ. ನನ್ನ ಹೆಸರು ಕೆಡುತ್ತೆ ಅಂತ."

ಭಾವ ತಲೆಯಾಡಿಸಿ ಗಾಡಿ ತಿರುಗಿಸಿದ.

ಪೇಟೆ ಸೇರಿದ ದಿನವೇ ಅವಳು ಒಡತಿಗೆ ಫೋನು ಮಾಡಿ, ಅದಲು ಬದಲು ಮಾಡಿದ್ದು ತಾನು, ಭಾವನಿಗೆ ಏನೂ ಗೊತ್ತಿರಲಿಲ್ಲ ಎಂದಳು. ಒಡತಿ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಭಾವನಿಂದ ಒಂದು ಪೆಟ್ಟಿಗೆ ವೈನ್ ತರಿಸಿಕೊಂಡಳು. ತಂಗಿಯನ್ನು ಕೆಲಸಕ್ಕೆ ಕರೆಯಲಿಲ್ಲ.

ಮುಂದಿನ ಸುಗ್ಗಿಗೆ ಅಕ್ಕನ ಫೋನು ಬಂತು: "ಬಿಡಿಸೋಕೆ ಕೈ ಸಾಲ್ತಿಲ್ಲ ಕಣೇ, ಬರ್ತೀಯಾ?" ಹೋದಳು. ಈ ವರ್ಷದ ರಸ ಹೇಗಿದೆ ನೋಡು ಎಂದು ಯಾರೂ ಅನ್ನಲಿಲ್ಲ, ಅವಳೂ ಕೇಳಲಿಲ್ಲ. ಭಾವನ ಪಕ್ಕದ ಸಾಲಿನಲ್ಲಿ ಬಗ್ಗಿ ನಿಂತು, ಕತ್ತಲಾಗುವವರೆಗೆ ಸುಕ್ಕಿದ ಹಣ್ಣು ಬಿಡಿಸಿದಳು.