ಸೀದ ಬ್ರೆಡ್ಡು

"ತಗೊಳ್ಳಿ, ನಿಮ್ಮ ಪ್ರೀತಿಯ ಕರಿ ಬ್ರೆಡ್ಡು. ಇವತ್ತಿಗೆ ಕೊನೆ," ಎನ್ನುತ್ತ ಅಡುಗೆಯಾಕೆ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದಳು. ಎರಡು ಮೊಟ್ಟೆ, ಪಕ್ಕದಲ್ಲಿ ಇದ್ದಿಲಿನ ಹಾಗೆ ಕಪ್ಪಗಾದ ಎರಡು ತುಂಡು.

ಬೀಗ ರಿಪೇರಿಯವನು ಬಾಗಿಲ ಕಡೆ ನೋಡಿದ. ಅವಳ ಚೀಲ ಆಗಲೇ ಬಾಗಿಲ ಬಳಿ ಬಂದು ಕೂತಿತ್ತು. ಮಧ್ಯಾಹ್ನದ ಬಸ್ಸಿಗೆ ತಂಗಿಯ ಊರಿಗೆ ಹೊರಟರೆ ಮತ್ತೆ ಬರುವವಳಲ್ಲ. ಮೂವತ್ತೊಂದು ವರ್ಷದ ಸುಳ್ಳನ್ನು ಈಗ ಒಪ್ಪಿಕೊಳ್ಳದಿದ್ದರೆ ಇನ್ಯಾವಾಗ?

ವಿಚಿತ್ರವಾದ ಹಳೇ ಬಾರು ಅದು. ಒಂದು ಕುರ್ಚಿಯಂತೆ ಇನ್ನೊಂದಿಲ್ಲ. ಕೆಟ್ಟುಹೋದ ಪಿಯಾನೋದ ಮೇಲೆ ತಟ್ಟೆಗಳ ರಾಶಿ, ಗೋಡೆಯ ತುಂಬ ಗಿರಾಕಿಗಳು ಮರೆತುಹೋದ ಛತ್ರಿಗಳು. ಭಾನುವಾರ ಹತ್ತೂವರೆಗೆ ಬಾಗಿಲು ತೆಗೆದರೆ ಸಾಕು, ತಿಂಡಿಯೂ ಅಲ್ಲದ ಊಟವೂ ಅಲ್ಲದ ಆ ಹೊತ್ತಿಗೆ ಬೀದಿಗೆ ಬೀದಿಯೇ ಬಂದು ಕೂರುತ್ತಿತ್ತು.

ಅವಳು ಕೆಲಸಕ್ಕೆ ಸೇರಿದ ಮೊದಲ ಭಾನುವಾರವೇ ಬ್ರೆಡ್ಡು ಸೀದುಹೋಗಿತ್ತು. ಆಗಿನ ಮಾಲೀಕ ಎಲ್ಲರೆದುರು ಹಿಗ್ಗಾಮುಗ್ಗಾ ಬಯ್ಯತೊಡಗಿದ. ಗಿರಾಕಿಯಾಗಿ ಕೂತಿದ್ದ ಇವನಿಗೆ ತಡೆಯಲಾಗಲಿಲ್ಲ. "ಬಯ್ಬೇಡಿ ಸ್ವಾಮಿ, ನಾನೇ ಹೀಗೆ ಬೇಕು ಅಂದಿದ್ದು," ಎಂದುಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಅವನಿಗೆ ಕರಿ ಬ್ರೆಡ್ಡೇ ಗತಿ. ಊರೆಲ್ಲ ಅವಳನ್ನು ಅಕ್ಕ ಎನ್ನುತ್ತಿತ್ತು. ಇವನೊಬ್ಬ ಮಾತ್ರ ಎಂದೂ ಹಾಗೆ ಕರೆಯದೆ "ನೋಡಿ" ಎನ್ನುತ್ತಿದ್ದ.

"ನೋಡಿ," ಎಂದ ಈಗಲೂ. "ನಂಗೆ ಸೀದ ಬ್ರೆಡ್ಡು ಕಂಡ್ರೆ ಆಗಲ್ಲ. ಆವತ್ತೂ ಆಗ್ತಿರ್ಲಿಲ್ಲ."

ಅವಳು ಕೈ ಒರೆಸಿಕೊಂಡು ಎದುರಿನ ಕುರ್ಚಿಯಲ್ಲಿ ಕೂತಳು. ಇಷ್ಟು ವರ್ಷಗಳಲ್ಲಿ ಹಾಗೆ ಕೂತದ್ದು ಇದೇ ಮೊದಲು.

"ಗೊತ್ತು. ಮೇಜಿನ ಕೆಳಗೆ ಕದ್ದು ಚಾಕುವಿನಲ್ಲಿ ಕೆರೀತೀರಲ್ಲ, ಆ ಕರಿ ಪುಡಿ ಗುಡಿಸೋರು ಯಾರು ಅಂದ್ಕೊಂಡ್ರಿ? ನಿಮ್ಮಜ್ಜಿನಾ?"

"ಅಯ್ಯೋ ದೇವ್ರೇ! ಗೊತ್ತಿದ್ದೂ ಯಾಕೆ ಹೀಗೇ ಮಾಡ್ತಿದ್ರಿ?"

"ಚೆನ್ನಾಗಿ ಮಾಡಿಕೊಟ್ರೆ ಎಲ್ಲರ ಹಾಗೆ ಗಬಗಬ ತಿಂದು ಎದ್ದು ಹೋಗ್ತಿದ್ರಿ. ಕೆರೆಯೋಕೆ ನಿಮಗೆ ಅರ್ಧ ಗಂಟೆ ಬೇಕು."

ಊರ ಬೀಗಗಳನ್ನೆಲ್ಲ ತೆರೆದವನಿಗೆ ಇದೊಂದು ತಿಳಿಯದೆ ಹೋಯಿತಲ್ಲ ಎಂದು ಅವನಿಗೆ ನಾಚಿಕೆಯಾಯಿತು, ನಗುವೂ ಬಂತು.

ಅವಳು ಎದ್ದು ಒಳಗೆ ಹೋಗಿ ಇನ್ನೊಂದು ತಟ್ಟೆ ತಂದಿಟ್ಟಳು. ಹದವಾಗಿ ಕೆಂಪಗಾದ ಬ್ರೆಡ್ಡು, ಒಂದು ಚುಕ್ಕೆ ಕಪ್ಪಿಲ್ಲ.

"ಇದಾದ್ರೂ ಬಿಸಿಬಿಸಿ ತಿನ್ನಿ. ನಂಗೂ ಬಸ್ಸಿಗೆ ಹೊತ್ತಾಯ್ತು," ಎಂದಳು. ಎಂದವಳು ಹೊರಡದೆ ಮತ್ತೆ ಅಲ್ಲೇ ಕೂತಳು.

ಅವನು ಚಾಕು ತೆಗೆದುಕೊಂಡ. ಒಂದು ತುಂಡನ್ನು ಮೇಜಿನ ಕೆಳಗೆ ಹಿಡಿದು, ಕೆರೆಯಲು ಏನೂ ಇಲ್ಲದ ಆ ಬ್ರೆಡ್ಡನ್ನು ನಿಧಾನವಾಗಿ ಕೆರೆಯತೊಡಗಿದ.