ಬಲಗಡೆಯ ಬಂಡೆ

ಎಡಿನ್‌ಬರೊ ಕೋಟೆಯನ್ನು ನಾನು ಸರಿಯಾಗಿ ನೋಡಿದ್ದು ಹನ್ನೊಂದು ನಿಮಿಷ. ಉಳಿದ ಮೂರು ದಿನ ಅದು ಮಂಜಿನೊಳಗಿತ್ತು. ಕೈಮಗ್ಗದ ಪ್ರದರ್ಶನ ಮುಗಿದ ಮಧ್ಯಾಹ್ನ ಕೋಟೆಯ ಕೆಳಗಿನ ಉದ್ಯಾನದಲ್ಲಿ ಒಂದು ಬೆಂಚಿನ ಮೇಲೆ ಕುಳಿತಿದ್ದಾಗ ಮಂಜು ಸರಿಯಿತು. ಚೀಲದಿಂದ ಗ್ರಾಫ್ ಹಾಳೆ ತೆಗೆದು ಬರೆದುಕೊಂಡೆ. ಎಡಗಡೆ ಇಳಿಜಾರಿನಲ್ಲಿ ಏರಿ ಬರುವ ದಾರಿ, ಅದರ ತುದಿಗೆ ಅರ್ಧಚಂದ್ರದಂತೆ ಬಾಗಿದ ಗೋಡೆ, ಬಲಗಡೆ ಕೊಡಲಿಯಿಂದ ಕಡಿದ ಹಾಗೆ ನೇರ ಕೆಳಗಿಳಿಯುವ ಕಪ್ಪು ಬಂಡೆ. ನಮ್ಮ ಜಟಿಂಗ ರಾಮೇಶ್ವರದ ಬೆಟ್ಟ ಅದಕ್ಕಿಂತ ಎತ್ತರ. ಆದರೆ ಇದರ ಬುಡದಲ್ಲೇ ಬಸ್ಸುಗಳು ಓಡಾಡುತ್ತಿದ್ದವು. ಅದಕ್ಕೇ ಇದು ಇನ್ನೂ ಎತ್ತರವಾಗಿ ಕಂಡಿರಬೇಕು.

ಆ ಬೆಂಚಿನ ಮೇಲೆ ಕೂರಬೇಕಾಗಿದ್ದವರು ಗೀತಮ್ಮ. ನನ್ನ ಗಂಡನ ಅಕ್ಕ. ನಮ್ಮ ಮನೆಯ ತೆಲುಗಿನಲ್ಲಿ ವದಿನ. ಪ್ರದರ್ಶನಕ್ಕೆ ಆಯ್ಕೆಯಾಗಿದ್ದು ಅವರು ನೇಯ್ದ ಸೀರೆ. ನಾನು ಇಂಗ್ಲಿಷ್ ಮಾತಾಡಲು ಜೊತೆಗೆ ಹೊರಟವಳು, ಅಷ್ಟೆ. ಆದರೆ ಬೆಂಗಳೂರಿನ ವೀಸಾ ಕಚೇರಿಯಲ್ಲಿ ಯಂತ್ರ ಅವರ ಬೆರಳಚ್ಚು ಹಿಡಿಯಲಿಲ್ಲ. ಮೂವತ್ತು ವರ್ಷ ರೇಷ್ಮೆ ಎಳೆ ಜಾರಿ ಜಾರಿ ಬೆರಳ ತುದಿಯ ಗೆರೆಗಳು ಸವೆದುಹೋಗಿದ್ದವು. ಮತ್ತೊಂದು ಸಲ ಕರೆದರು, ಆಗಲೂ ಆಗಲಿಲ್ಲ. ಅಷ್ಟರಲ್ಲಿ ಪ್ರದರ್ಶನದ ದಿನ ಬಂದಿತ್ತು. ಸೀರೆ ಹೊತ್ತು ನಾನೊಬ್ಬಳೇ ಹೋಗಿ ಬಂದೆ. ಬಂದ ಮೇಲೆ ಆ ಹನ್ನೊಂದು ನಿಮಿಷವನ್ನು ಅವರು ನನ್ನಿಂದ ಎಷ್ಟು ಸಲ ಹೇಳಿಸಿಕೊಂಡರೋ ಲೆಕ್ಕವಿಲ್ಲ.

ಎರಡು ವರ್ಷದ ನಂತರ, ಈ ಸಲ, ಮತ್ತೆ ಕರೆ ಬಂತು. ಸೆರಗಿನಲ್ಲಿ ಆ ಕೋಟೆಯೇ ಬರಬೇಕು, ಸೀರೆಯ ಜೊತೆ ತಾನೇ ಹೋಗಬೇಕು ಎಂದು ವದಿನ ಹೇಳಿದರು. ಚಳ್ಳಕೆರೆಯ ಡಾಕ್ಟರನ್ನು ಕೇಳಿದೆವು. ಉಜ್ಜಾಟ ನಿಂತರೆ ಚರ್ಮ ಬೆಳೆದು ಗೆರೆ ಮೂಡಬಹುದು, ಒಂದೆರಡು ತಿಂಗಳು ನೂಲು ಮುಟ್ಟಬೇಡಿ ಎಂದರು. ಹಾಗಾಗಿ ಮಗ್ಗಕ್ಕೆ ನಾನು ಕುಳಿತೆ. ಚಳ್ಳಕೆರೆ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವಳು ನಾನು; ಗ್ರಾಫ್ ಬರೆಯುವುದು ಸಲೀಸು, ನೇಯ್ಗೆಯ ವೇಗದಲ್ಲಿ ವದಿನರ ಅರ್ಧ.

ನಮ್ಮ ಮಗ್ಗದಲ್ಲಿ ಸೀರೆಯ ಮುಖ ಕೆಳಗಿರುತ್ತದೆ, ನೇಯುವವರಿಗೆ ಕಾಣುವುದು ಬೆನ್ನು. ಚಿತ್ರ ಸರಿ ಬರುತ್ತಿದೆಯೇ ಎಂದು ಅಡಿಯಲ್ಲೊಂದು ಕನ್ನಡಿ ಇಟ್ಟು ನೋಡುತ್ತೇವೆ. ನಾನೂ ನೋಡಿದೆ. ದಾರಿ ಎಡಕ್ಕೆ, ಬಂಡೆ ಬಲಕ್ಕೆ, ನನ್ನ ಗ್ರಾಫಿನಂತೆಯೇ. ಮೊದಲು ಬರುವ ಸೆರಗನ್ನು ಒಂದೂವರೆ ಗೇಣು ನೇಯ್ದಾಗ ವದಿನ ನೋಡಬೇಕೆಂದರು. ನೇಯ್ದ ಭಾಗ ಸಡಿಲಿಸಿ ಮುಖ ಮೇಲೆ ಮಾಡಿ ಹಿಡಿದೆ.

ಅವರು ಬಗ್ಗಿ ನೋಡಿದರು. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು.

"ಬಂಡೆ ಬಲಕ್ಕೈತೆ ಅಂದಿದ್ದೆ ನೀನು."

ಬಂಡೆ ಎಡಕ್ಕಿತ್ತು.

ಕನ್ನಡಿ ಎಡಬಲ ತಿರುಗಿಸುತ್ತದೆ ಎಂದು ಮಕ್ಕಳಿಗೂ ಗೊತ್ತು. ಸೀರೆಯನ್ನು ಬೆನ್ನ ಕಡೆಯಿಂದ ನೋಡಿದರೂ ಚಿತ್ರ ತಿರುಗುತ್ತದೆ. ಎರಡೂ ಒಂದೇ ರೀತಿ ತಿರುಗಿಸುವುದರಿಂದ, ತಪ್ಪು ನನಗೆ ಎರಡು ಕಡೆಯಿಂದಲೂ ಸರಿಯಾಗಿ ಕಂಡಿತ್ತು. ಈ ಊರಿನಲ್ಲಿ ಯಾರಿಗೂ ಇದು ತಪ್ಪೆನಿಸುವ ಸಂದರ್ಭವೇ ಬಂದಿರಲಿಲ್ಲ. ನಮ್ಮ ಹಂಸಗಳು ಜೋಡಿ, ನವಿಲುಗಳು ಜೋಡಿ, ಗೋಪುರಕ್ಕೆ ಎರಡೂ ಮಗ್ಗುಲು ಒಂದೇ. ಎಡಬಲ ಬೇರೆಯಾದ ಚಿತ್ರವನ್ನು ಈ ಮಗ್ಗ ನೇಯ್ದದ್ದು ಇದೇ ಮೊದಲು.

ನನ್ನ ಗಂಡ ಮಹಾಂತೇಶ, ನಮ್ಮ ಮೊಳಕಾಲ್ಮೂರಿನಲ್ಲಿ ಯಾವನು ಹೋಗಿ ನೋಡಿ ಬಂದವನೆ ಎಂದು ನಕ್ಕರು. ಚಿತ್ರಕ್ಕೆ ತಕ್ಕಂತೆ ಎಳೆ ಎತ್ತಿಸುವ ಜಕಾರ್ಡ್ ಕಾರ್ಡುಗಳಿಗೆ ತೂತು ಹಾಕಿಕೊಡುವ ಅಮರೇಶ್, ಸೆರಗು ಹೊದ್ದವರು ಹಿಂದೆ ತಿರುಗಿ ನಿಂತರಾಯಿತಲ್ಲ ಅಕ್ಕಾ ಎಂದ. ಸೀರೆ ಪಾರ್ಸೆಲ್ ಆಗಲು ಹನ್ನೆರಡು ದಿನ ಉಳಿದಿತ್ತು. ಅದಾಗಿ ಮೂರು ದಿನಕ್ಕೆ ವದಿನರ ಬೆರಳಚ್ಚು.

"ಅಲ್ಲಿಯವರು ದಿನಾ ನೋಡ್ತಾರೆ ಅದನ್ನ," ಎಂದರು ವದಿನ. "ನಮ್ಮ ಬೆಟ್ಟನ ಯಾರಾದ್ರೂ ತಿರುವಿ ಬರೆದು ತಂದ್ರೆ ನಾನು ತಗೊತೀನಾ? ಕತ್ತರಿಸು."

ಕತ್ತರಿಸಿದೆ. ಹಾಸಿನ ಎಳೆಗಳ ಉದ್ದದಲ್ಲಿ ಹೋದಷ್ಟನ್ನು ರವಿಕೆಯ ತುಂಡು ಬಿಟ್ಟು ಸರಿದೂಗಿಸಬಹುದಿತ್ತು. ಗ್ರಾಫನ್ನು ಎಡಬಲ ಮಾಡಿ ಬರೆದುಕೊಟ್ಟೆ. ಹೊಸ ಕಾರ್ಡುಗಳಿಗೆ ಅಮರೇಶ್ ಎರಡು ದಿನ ತೆಗೆದುಕೊಂಡ. ಉಳಿದದ್ದು ಹತ್ತು.

ಕಾರ್ಡು ಕಟ್ಟಿದ ಬೆಳಿಗ್ಗೆ ನಾನು ಬರುವಷ್ಟರಲ್ಲಿ ವದಿನ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದರು.

"ಎದ್ದೇಳ್ರಿ."

"ನಿನ್ನ ಕೈಲಿ ಹತ್ತು ದಿನಕ್ಕೆ ಆಗಲ್ಲ ಶಾಂತಾ. ನಾನಾದ್ರೆ ಆರು."

"ಆಗ ಸೀರೆ ಹೋಗ್ತದೆ, ನೀವು ಇಲ್ಲೇ ಇರ್ತೀರಿ."

"ಸೀರೆನಾದ್ರೂ ಹೋಗ್ಲಿ."

"ಹೋದ ಸಲ ಹೋಗಿತ್ತಲ್ಲ ವದಿನ, ಸೀರೆ. ಅದರ ಪಕ್ಕ ನಿಂತು ಇದು ನಾನು ನೇಯ್ದದ್ದಲ್ಲ, ನಾನಲ್ಲ ಅಂತ ಮೂರು ದಿನ ಹೇಳಿ ಬಂದೀನಿ. ಇನ್ನೊಂದು ಸಲ ಹೇಳಲ್ಲ."

ಲಾಳಿ ಅವರ ಮುಂದೆಯೇ ಇತ್ತು. ಮುಟ್ಟಿರಲಿಲ್ಲ. ಅವರು ಮೊಣಕೈ ಊರಿ ಮೇಲೆದ್ದರು.

ಅಂದಿನಿಂದ ಅಡಿಗೆ, ನೀರು, ಸಂತೆ ಅವರದು, ಮಗ್ಗ ನನ್ನದು. ಬೆಳಕು ಹರಿಯುವಾಗ ಕೂತರೆ ಊಟಕ್ಕೆ ಮಾತ್ರ ಏಳುತ್ತಿದ್ದೆ. ದಿನಕ್ಕೆ ಎಷ್ಟು ಕಾರ್ಡು ಸರಿಯಿತು ಎಂದು ಗೋಡೆಯ ಮೇಲೆ ಬರೆದಿಟ್ಟೆ. ಮೊದಲ ದಿನದ ಲೆಕ್ಕ ಸಾಲಲಿಲ್ಲ. ಎರಡನೆಯ ದಿನ ತಪ್ಪು ಎಲ್ಲಾಗುತ್ತಿದೆ ಎಂದು ನೋಡಿಕೊಂಡೆ. ಎಳೆ ಕಡಿದಾಗ ಗಾಬರಿಯಾಗಿ ಬಿಗಿಯಾಗಿ ಎಳೆಯುತ್ತಿದ್ದೆ, ಇನ್ನೆರಡು ಕಡಿಯುತ್ತಿದ್ದವು. ಮೂರನೆಯ ದಿನ ಸಾಲಿತು. ಕನ್ನಡಿಯನ್ನು ಅಡಿಯಿಂದ ತೆಗೆದು ಗೂಟಕ್ಕೆ ನೇತುಹಾಕಿದ್ದೆ.

ಐದನೆಯ ದಿನ ವದಿನ ರೇಷನ್ ಅಂಗಡಿಗೆ ಹೋದರು. ಅಲ್ಲಿನ ಹೆಬ್ಬೆಟ್ಟಿನ ಯಂತ್ರವೂ ಅವರನ್ನು ಎಂದೂ ಗುರುತಿಸಿದ್ದಿಲ್ಲ. ಪ್ರತಿ ತಿಂಗಳು ಫೋನಿಗೆ ಬಂದ ನಂಬರು ಹೇಳಿಯೇ ಅಕ್ಕಿ ತರಬೇಕು. ಅಂದು ಫೋನನ್ನು ಬೇಕೆಂದೇ ಬಿಟ್ಟುಹೋಗಿದ್ದರು. ಅದು ಕಿಟಕಿಯಲ್ಲಿದ್ದದ್ದು ನನಗೆ ಕಾಣುತ್ತಿತ್ತು.

ಒಂದು ಗಂಟೆಯ ಮೇಲೆ ಅಕ್ಕಿಯ ಚೀಲ ಬಾಗಿಲಲ್ಲಿ ಇಳಿಯಿತು.

"ಮೂರನೇ ಸಲಕ್ಕೆ ತಗೊಂತು," ಎಂದರು. "ಅಂಗಡಿ ಮುದ್ದಪ್ಪ ಯಂತ್ರ ಕೆಟ್ಟೈತೇನೋ ಅಂತ ಒರೆಸಿ ಒರೆಸಿ ನೋಡ್ದ."

"ಯಾವ ಬೆರಳು?"

"ಬಲಗೈ ಹೆಬ್ಬೆರಳು."

"ವೀಸಾಕ್ಕೆ ಹತ್ತೂ ಬೇಕು."

"ಇನ್ನೂ ಎಂಟು ದಿನ ಐತೆ," ಎಂದರು ವದಿನ, ಬೆರಳಿಗೆ ಹಚ್ಚುವ ಕೊಬ್ಬರಿ ಎಣ್ಣೆಯ ಬಟ್ಟಲು ಹುಡುಕುತ್ತ. "ನೀನು ಕೈ ನಿಲ್ಲಿಸಬೇಡ."

ನೇಯ್ದ ಭಾಗವನ್ನು ಒಮ್ಮೆ ಸಡಿಲಿಸಿ, ಮುಖ ಮೇಲೆ ಮಾಡಿ, ಅವರಿಗೆ ದೂರದಿಂದಲೇ ತೋರಿಸಿದೆ. ಬಂಡೆ ಬಲಕ್ಕಿತ್ತು. ಮತ್ತೆ ಬಿಗಿ ಮಾಡಿ ಲಾಳಿ ಎತ್ತಿಕೊಂಡೆ.