ಅಮ್ಮ ಅನ್ನಬಾರದ ಮನೆ

ಲಷ್ಕರ್ ಮೊಹಲ್ಲಾದ ಅನಾಥಾಲಯದಲ್ಲಿ ಮೂವತ್ತೆಂಟು ಮಕ್ಕಳೂ ಚೂಡಾಮಣಿಯವರನ್ನು ಮೇಡಂ ಅನ್ನುತ್ತಿದ್ದರು. ಸ್ವಂತ ಮಗಳು ಭಾನುಮತಿಯೂ ಹಾಗೇ ಅನ್ನಬೇಕಿತ್ತು. ಗಂಡ ತೀರಿಕೊಂಡ ಮೇಲೆ ಇಲ್ಲಿ ಕೆಲಸಕ್ಕೆ ಸೇರಿದ ದಿನವೇ ಆಕೆ ಮಗಳಿಗೆ ಕಟ್ಟಪ್ಪಣೆ ಮಾಡಿದ್ದರು: "ಅಮ್ಮ ಇಲ್ದಿರೋ ಮಕ್ಕಳ ಕಿವಿಗೆ ಆ ಮಾತು ಬೀಳಬಾರ್ದು ಕಣೇ."

ಭಾನುವಿಗೆ ಆಗ ಏಳು, ಈಗ ಹನ್ನೆರಡು. ಐದು ವರ್ಷದಿಂದ ಆ ಮಾತನ್ನು ನುಂಗಿಕೊಂಡೇ ಬಂದಿದ್ದಳು. ಅಮ್ಮ ಯಾರ ತಲೆ ಬಾಚಿದರೂ, ಯಾರಿಗೆ ಜ್ವರ ಬಂತೆಂದು ಪಕ್ಕದಲ್ಲಿ ಕೂತರೂ ಇವಳಿಗೆ ಹೊಟ್ಟೆಕಿಚ್ಚು. ಅದರಲ್ಲೂ ಹೊಸದಾಗಿ ಬಂದ ನಾಲ್ಕು ವರ್ಷದ ಮಂಗಳಾ ಸದಾ ಮೇಡಂ ಸೆರಗು ಹಿಡಿದೇ ಓಡಾಡುವುದನ್ನು ಕಂಡರೆ ಮೈಯೆಲ್ಲ ಉರಿದುಹೋಗುತ್ತಿತ್ತು.

ಚೀನಾ ಯುದ್ಧ ಮುಗಿದ ಮರುವರ್ಷ ಸಿನಿಮಾದವರು ಬಂದರು. ಬಾಂಬು ಬೀಳುವ ಊರಿನಲ್ಲಿ ಅನಾಥ ಮಕ್ಕಳನ್ನು ಕಾಪಾಡುವ ಹೆಂಗಸಿನ ಕಥೆಯಂತೆ. ಅಂಗಳದಲ್ಲೇ ಮರಳಿನ ಮೂಟೆ ಒಟ್ಟಿದರು. ಸೈರನ್ ಕೂಗಿದೊಡನೆ ಮಕ್ಕಳೆಲ್ಲ "ಅಮ್ಮಾ" ಎನ್ನುತ್ತ ನಾಯಕಿಯ ಬಳಿಗೆ ಓಡಬೇಕು. ನಿಜವಾದ ಅನಾಥರೇ ಬೇಕೆಂದರು. ಹಾಗಾಗಿ ಭಾನುವಿಗೆ ಪಾರ್ಟು ಇಲ್ಲ. ಕುಡಿಯುವ ನೀರಿನ ಚೊಂಬು ಹಿಡಿದು ಕ್ಯಾಮೆರಾ ಪಕ್ಕ ನಿಲ್ಲು ಎಂದರು ಮೇಡಂ. ಪಾರ್ಟು ಸಿಗೋದಕ್ಕೆ ಅಪ್ಪ ಒಬ್ಬರು ಸತ್ತದ್ದು ಸಾಲದಾಯಿತೇನೋ ಅಂದುಕೊಂಡಳು ಭಾನು. ಅಷ್ಟು ಕೆಟ್ಟ ಕೋಪ ಅವಳದು.

ನಾಯಕಿಯ ಮೇಕಪ್ಪೇ ಮುಗಿಯಲೊಲ್ಲದು, ಬಿಸಿಲು ಬೇರೆ ಇಳಿಯುತ್ತಿತ್ತು. ರಿಹರ್ಸಲ್ಲಾದರೂ ಆಗಲಿ ಎಂದು ನಿರ್ದೇಶಕ ಬಿಂದುಮಾಧವರಾಯರು ಚೂಡಾಮಣಿಯವರನ್ನೇ ಆ ಜಾಗದಲ್ಲಿ ನಿಲ್ಲಿಸಿದರು.

ಸೈರನ್ ಕೂಗಿತು. ಮೂವತ್ತೆಂಟು ಗಂಟಲೂ ಒಟ್ಟಿಗೆ "ಅಮ್ಮಾ" ಅಂದವು. ಅದೂ ಭಾನುವಿನ ಅಮ್ಮನನ್ನು, ಭಾನುವಿನ ಕಣ್ಣೆದುರೇ. ಚೊಂಬು ಎತ್ತ ಬಿತ್ತೋ, ಅವಳು ಮೂಟೆ ಹಾರಿ, ಅಡ್ಡ ಬಂದವರನ್ನೆಲ್ಲ ತಳ್ಳಿಕೊಂಡು ಓಡಿದಳು.

"ಅಮ್ಮಾ."

ಅಷ್ಟು ಗದ್ದಲದಲ್ಲೂ ಚೂಡಾಮಣಿಯವರ ಮುಖ ಥಟ್ಟನೆ ಆ ದನಿಯ ಕಡೆಗೇ ತಿರುಗಿತು. ಎರಡೂ ಕೈಯಿಂದ ಬಾಚಿ ತಬ್ಬಿಕೊಂಡರು.

ಮಧ್ಯೆ ನುಗ್ಗಿದ ಈ ಹುಡುಗಿ ಯಾರೆಂದು ನಿರ್ದೇಶಕರು ಗದರಿದರು. ಚೂಡಾಮಣಿ ಕೈ ಸಡಿಲಿಸಲಿಲ್ಲ.

"ನನ್ನ ಮಗಳು ಸಾರ್. ನಾನು ಹೆತ್ತ ಮಗಳು."

ಗೆದ್ದೆ ಎಂದು ಭಾನು ತಲೆಯೆತ್ತಿದಳು. ಪುಟ್ಟ ಮಂಗಳಾ ಹಿಡಿದಿದ್ದ ಸೆರಗು ಬಿಟ್ಟು, ಒಂದು ಹೆಜ್ಜೆ ಹಿಂದೆ ಸರಿದು, ಇವಳನ್ನೇ ನೋಡುತ್ತಿದ್ದಳು. ಆ ನೋಟ ಭಾನುವಿಗೆ ಚೆನ್ನಾಗಿ ಗೊತ್ತಿತ್ತು. ಐದು ವರ್ಷ ಅದು ಅವಳದೇ ಆಗಿತ್ತು.